ಒಂದೇ ಆಸನ ಎಲ್ಲರಿಗೂ ಒಗ್ಗುತ್ತದೆಯೇ? ಯೋಗದ ಶೈಲಿ ಆರಿಸಿಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಜೂನ್ 21 ಹತ್ತಿರ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಯೋಗದ ಫಾರ್ವರ್ಡ್‌ಗಳ ಸುರಿಮಳೆ. ದಿನಕ್ಕೆ ಐದು ನಿಮಿಷ ಶೀರ್ಷಾಸನ ಮಾಡಿದರೆ ಕೂದಲು ಉದುರುವುದಿಲ್ಲ, ಸರ್ವಾಂಗಾಸನದಿಂದ ಥೈರಾಯ್ಡ್ ಮಾಯ, ಇಪ್ಪತ್ತೊಂದು ದಿನದಲ್ಲಿ ಶುಗರ್ ಮಾತ್ರೆ ಬಿಡಬಹುದು, ಹೀಗೆ. ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂಬ ಸಾಲು. ನಮ್ಮ ದೊಡ್ಡ ತಕರಾರು ಆ ‘ಎಲ್ಲರಿಗೂ’ ಎಂಬ ಪದದ ಮೇಲೆಯೇ.

ಒಂದೇ ಗುರು, ಬೇರೆ ಬೇರೆ ಶೈಲಿ

ಜಗತ್ತಿನ ಯೋಗ ಸ್ಟುಡಿಯೋಗಳ ಬೋರ್ಡಿನಲ್ಲಿ ಇಂದು ಕಾಣುವ ಹಲವು ಹೆಸರುಗಳ ಬೇರು ನಮ್ಮ ಮೈಸೂರಿನಲ್ಲಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಮೈ ಬಗ್ಗುವ ವಯಸ್ಸು, ಓಡಿಸಿದಷ್ಟೂ ಓಡುವ ಹುರುಪು.

ಅವರ ಶಿಷ್ಯರಾದ, ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು ‘ಅಷ್ಟಾಂಗ ವಿನ್ಯಾಸ’ವನ್ನು ಕಲಿಸಿದರು. ಇದರಲ್ಲಿ ಆಸನಗಳ ಕ್ರಮ ಗೊತ್ತುಮಾಡಿದ್ದು. ಉಸಿರಿನ ಲೆಕ್ಕಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಸಾಗಬೇಕು. ಬೆವರು ಗ್ಯಾರಂಟಿ. (ಪತಂಜಲಿಯ ಎಂಟು ಅಂಗಗಳಿಗೂ ಅಷ್ಟಾಂಗ ಯೋಗ ಎಂದೇ ಹೆಸರು. ಸ್ಟುಡಿಯೋ ಬೋರ್ಡಿನಲ್ಲಿ ಆ ಪದ ಕಂಡರೆ ಸಾಮಾನ್ಯವಾಗಿ ಜೋಯಿಸರ ಶೈಲಿ ಎಂದು ತಿಳಿಯಿರಿ.)

ಇನ್ನೊಬ್ಬ ಶಿಷ್ಯ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ಒಂದರ ಮೇಲೊಂದು ಕಾಯಿಲೆ ಕಂಡವರು. ಪುಣೆಯಲ್ಲಿ ಅವರು ಬೆಳೆಸಿದ ಶೈಲಿಯಲ್ಲಿ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಬೆಲ್ಟು, ದಿಂಬು ಎಲ್ಲವೂ ಯೋಗದ ಸಾಮಾನುಗಳೇ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟದಿದ್ದರೆ ಕೈ ಕೆಳಗೆ ಇಟ್ಟಿಗೆ ಇಡುತ್ತಾರೆ. ಆಸನಗಳ ಸಂಖ್ಯೆ ಕಡಿಮೆ, ಒಂದೊಂದರಲ್ಲಿ ನಿಲ್ಲುವ ಹೊತ್ತು ಹೆಚ್ಚು. ಇನ್ನು ಕೃಷ್ಣಮಾಚಾರ್ಯರೇ ಮುಂದೆ ಚೆನ್ನೈಯಲ್ಲಿ ನೆಲೆಸಿದಾಗ ಬಂದವರ ವಯಸ್ಸು, ಕಾಯಿಲೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಹೇಳಿಕೊಡುತ್ತಿದ್ದರು. ಮಗ ಟಿ.ಕೆ.ವಿ. ದೇಶಿಕಾಚಾರ್ ಅದನ್ನೇ ಮುಂದುವರಿಸಿದರು.

ಗುರುವೇ ಹುಡುಗರಿಗೊಂದು, ರೋಗಿಗಳಿಗೊಂದು ಪಾಠ ಹೇಳಿದ್ದಾರೆ. ಮೂವತ್ತು ಸೆಕೆಂಡಿನ ವಿಡಿಯೋ ಮಾತ್ರ ನಮ್ಮೆಲ್ಲರ ದೇಹವೂ ಒಂದೇ ಎಂದುಕೊಂಡುಬಿಡುತ್ತದೆ.

ಯಾರಿಗೆ ಯಾವುದು?

ತೂಕ ಇಳಿಸಬೇಕು ಎಂದು ಯೋಗಕ್ಕೆ ಸೇರುವವರು ಒಂದು ಲೆಕ್ಕ ನೋಡಬೇಕು. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದುಕೊಂಡರೆ, ನಿಧಾನವಾದ ಹಠಯೋಗಕ್ಕೆ ಸುಮಾರು 2.5, ಸೂರ್ಯನಮಸ್ಕಾರಕ್ಕೆ 3ಕ್ಕಿಂತ ಸ್ವಲ್ಪ ಹೆಚ್ಚು, ಪವರ್ ಯೋಗಕ್ಕೆ 4. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150 ನಿಮಿಷಗಳ ಮಧ್ಯಮ ವ್ಯಾಯಾಮ ಶುರುವಾಗುವುದೇ 3ರಿಂದ. ಹಾಗಾಗಿ ನಿಧಾನದ ಕ್ಲಾಸಿಗೆ ಸೇರಿದವರು ಸಂಜೆಯ ವಾಕಿಂಗ್ ಬಿಡಬೇಡಿ. ಆರೋಗ್ಯವಾಗಿರುವ, ಮಂಡಿ ಸೊಂಟ ಗಟ್ಟಿಯಿರುವ ಯುವಕ ಯುವತಿಯರಿಗೆ ಅಷ್ಟಾಂಗ ಅಥವಾ ವಿನ್ಯಾಸ ಕ್ಲಾಸುಗಳು ಹೇಳಿಮಾಡಿಸಿದಂತಿರುತ್ತವೆ.

ಬಹುದಿನಗಳ ಸೊಂಟನೋವಿಗೆ ಯೋಗದಿಂದ ಸ್ವಲ್ಪ ಮಟ್ಟಿಗೆ ಉಪಯೋಗವಿದೆ ಎನ್ನಲು ಪುರಾವೆಗಳಿವೆ. ಯಾವ ವ್ಯಾಯಾಮವನ್ನೂ ಮಾಡದವರಿಗಿಂತ ಯೋಗ ಮಾಡಿದವರು ಮೇಲು. ಬೇರೆ ವ್ಯಾಯಾಮ ಮಾಡಿದವರಿಗಿಂತ ಅಂಥ ವ್ಯತ್ಯಾಸವೇನಿಲ್ಲ. ಆ ಅಧ್ಯಯನಗಳಲ್ಲಿ ಬಳಸಿದ್ದು ಹೆಚ್ಚಾಗಿ ಅಯ್ಯಂಗಾರ್, ಹಠ ಮುಂತಾದ ನಿಧಾನದ ಶೈಲಿಗಳನ್ನು. ಅರವತ್ತು ದಾಟಿದವರಿಗೆ, ಮಂಡಿನೋವಿನವರಿಗೆ ನಮ್ಮ ಸಲಹೆಯೂ ಅದೇ, ಇಲ್ಲವೇ ಕುರ್ಚಿ ಯೋಗ. ಕುರ್ಚಿ ಹಿಡಿದು ಮಾಡಿದರೆ ಅದು ‘ನಿಜವಾದ’ ಯೋಗವಲ್ಲ ಎನ್ನುವವರಿಗೆ ಅಯ್ಯಂಗಾರರ ಹೆಸರು ಹೇಳಿದರೆ ಸಾಕು.

ಹಾಟ್ ಯೋಗ ಎಂದರೆ ಸುಮಾರು 40 ಡಿಗ್ರಿಗೆ ಕಾಯಿಸಿದ ಕೋಣೆಯಲ್ಲಿ ಆಸನ ಮಾಡುವುದು, ಮೇ ತಿಂಗಳ ಕಲಬುರಗಿಯನ್ನು ದುಡ್ಡು ಕೊಟ್ಟು ಒಳಗೆ ತಂದುಕೊಂಡಂತೆ. ಬೆವರಿನಲ್ಲಿ ‘ವಿಷ’ ಹೊರಹೋಗುತ್ತದೆ ಎಂಬ ಮಾತು ನಂಬಬೇಡಿ. ಬೆವರಿನಲ್ಲಿ ಹೋಗುವುದು ಬಹುಪಾಲು ನೀರು ಮತ್ತು ಉಪ್ಪು. ಬೇಡದ್ದನ್ನು ಹೊರಹಾಕುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ಗರ್ಭಿಣಿಯರು, ಹೃದ್ರೋಗ ಇರುವವರು ಇದರಿಂದ ದೂರವಿರಬೇಕು.

ತಲೆ ಕೆಳಗೆ ಮಾಡುವ ಮುನ್ನ

ಈ ಭಾಗವನ್ನಾದರೂ ಅಪ್ಪ ಅಮ್ಮನಿಗೆ ಓದಿ ಹೇಳಿ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಹಾಳಾಗುತ್ತದೆ. ನೋವಿರುವುದಿಲ್ಲ, ಹಾಗಾಗಿ ಎಷ್ಟೋ ಮಂದಿಗೆ ಅದು ತಮಗಿದೆ ಎಂದೇ ಗೊತ್ತಿರುವುದಿಲ್ಲ. ಹೋದ ದೃಷ್ಟಿ ಮರಳಿ ಬರುವುದೂ ಇಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಧೋಮುಖ ಶ್ವಾನಾಸನ, ಉತ್ತಾನಾಸನ, ಹಲಾಸನ, ವಿಪರೀತ ಕರಣಿ ಮಾಡುವಾಗ ಕಣ್ಣಿನ ಒತ್ತಡ ಅಳೆದರು. ಗ್ಲಾಕೋಮಾ ಇದ್ದವರಲ್ಲೂ ಇಲ್ಲದವರಲ್ಲೂ ಒಂದೇ ನಿಮಿಷದಲ್ಲಿ ಅದು ಏರಿತ್ತು, ಶ್ವಾನಾಸನದಲ್ಲಿ ಅತಿ ಹೆಚ್ಚು. ಸೂರ್ಯನಮಸ್ಕಾರದ ನಡುವೆ ಸೊಂಟ ಮೇಲೆತ್ತಿ ತಲೆ ತಗ್ಗಿಸಿ ನಿಲ್ಲುತ್ತೇವಲ್ಲ, ಅದೇ ಭಂಗಿ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಮೊದಲು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.

ಹತೋಟಿಗೆ ಬಾರದ ಬಿಪಿ, ಕುತ್ತಿಗೆಯ ಸ್ಪಾಂಡಿಲೋಸಿಸ್ ಇರುವವರಿಗೂ ಶೀರ್ಷಾಸನ, ಸರ್ವಾಂಗಾಸನ ಬೇಡ. ಮುಟ್ಟು ನಿಂತ ಮೇಲೆ ಮೂಳೆ ಸವೆದಿರುವ ಹೆಂಗಸರು ಬೆನ್ನು ಬಿಲ್ಲಿನಂತೆ ಬಾಗಿಸಿ ಪಶ್ಚಿಮೋತ್ತಾನಾಸನ ಮಾಡಿದರೆ ಬೆನ್ನುಮೂಳೆ ಕುಸಿದು ಮುರಿಯುವ ಅಪಾಯವಿದೆ.

ಶುಗರ್ ಇರುವವರಿಗೆ ಯೋಗ ಔಷಧಿಯ ಜೊತೆಗೆ ಒಳ್ಳೆಯದೇ. ಆದರೆ ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜೋರಾಗಿ ಮಾಡಿದರೆ ತಲೆಸುತ್ತಿ ಬೀಳಬಹುದು. ವೈದ್ಯರನ್ನು ಕೇಳಿ ಸಮಯ ಗೊತ್ತುಮಾಡಿಕೊಳ್ಳಿ, ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಟೈಪ್ 1 ಮಧುಮೇಹದವರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಕುತ್ತು. ಥೈರಾಯ್ಡ್‌ನದೂ ಹಾಗೆಯೇ: ಗಂಟಲು ಒತ್ತಿದ ಮಾತ್ರಕ್ಕೆ ಗ್ರಂಥಿ ಹಾರ್ಮೋನು ತಯಾರಿಸಲು ಶುರುಮಾಡುವುದಿಲ್ಲ.

ಶಿಕ್ಷಕರನ್ನು ಹೇಗೆ ಅಳೆಯುವುದು ಎಂದರೆ, ಮೊದಲ ದಿನ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂದು ಗಮನಿಸಿ. ಬಿಪಿ ಇದೆಯೇ, ಆಪರೇಷನ್ ಆಗಿದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಒಳ್ಳೆಯ ಲಕ್ಷಣ. ಫೀಸು ಮಾತ್ರ ಕೇಳಿದರೆ ಇನ್ನೊಂದು ಕ್ಲಾಸು ನೋಡಿ. ಒಂದು ವಾರ ಹೋಗಿ ಬನ್ನಿ. ಮೊದಲ ಎರಡು ಮೂರು ದಿನ ಮಾಂಸಖಂಡ ಹಿಡಿದುಕೊಳ್ಳುವುದು ಸಹಜ. ಕೀಲುಗಳಲ್ಲಿ ಚುಚ್ಚುವ ನೋವು, ಕೈಕಾಲು ಜೋಮು, ಎದೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.