ಡೈನೋಸಾರ್‌ಗೆ ಉಸಿರು ತುಂಬಿದ ಚಿತ್ರಗಾರ

ಟಿ.ವಿ.ಯಲ್ಲಿ ಕಾರ್ಟೂನ್ ಶುರುವಾಯಿತೆಂದರೆ ಮಕ್ಕಳಿಗೆ ಊಟದ ನೆನಪೂ ಇರುವುದಿಲ್ಲ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಮನೆಮಂದಿಯೆಲ್ಲ ನಗುತ್ತಾರೆ. ಆದರೆ ಕಾಗದದ ಮೇಲಿನ ಬೆಕ್ಕು ಓಡುವುದು ಹೇಗೆ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರಿಗೈಯಿಂದ ಇಂಥ ಚಮತ್ಕಾರ ಮಾಡಿ ತೋರಿಸಿದವರಲ್ಲಿ ಮೊದಲ ಸಾಲಿನವನು ಅಮೆರಿಕದ ವಿನ್ಸರ್ ಮೆಕೇ.

ಮಗ ವ್ಯಾಪಾರ ಕಲಿಯಲಿ ಎಂಬುದು ತಂದೆಯ ಆಸೆ. ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಊರಿನ ವಾಣಿಜ್ಯ ಕಾಲೇಜಿಗೆ ಸೇರಿಸಿದರು. ಮಗನೋ ತರಗತಿ ತಪ್ಪಿಸಿ ಡೆಟ್ರಾಯಿಟ್‌ಗೆ ಹೋಗಿ, 25 ಸೆಂಟಿಗೊಂದರಂತೆ ಜನರ ಮುಖಚಿತ್ರ ಬರೆದು ಕೊಡುತ್ತಿದ್ದ. ಇಪ್ಸಿಲಾಂಟಿಯಲ್ಲಿದ್ದ ಜಾನ್ ಗುಡಿಸನ್ ಎಂಬ ಅಧ್ಯಾಪಕ ಹುಡುಗನ ಕೈಗುಣ ಗುರುತಿಸಿ ಪಾಠ ಹೇಳಿದ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ರೇಖಾಗಣಿತದ ಆ ಪಾಠ ಮೆಕೇಯ ಕೈಬಿಡಲಿಲ್ಲ. ಮುಂದೆ 1905ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯಲ್ಲಿ ‘ಲಿಟಲ್ ನೀಮೋ’ ಚಿತ್ರಕಥೆ ಆರಂಭಿಸಿ ಆತ ಹೆಸರು ಮಾಡಿದ.

ಒಂದು ದಿನ ಮಗ ರಾಬರ್ಟ್ ಮನೆಗೆ ತಂದ, ಪುಟಗಳನ್ನು ಸರಸರನೆ ಸರಿಸಿದರೆ ಚಿತ್ರ ಚಲಿಸುವ ಪುಟ್ಟ ಪುಸ್ತಕಗಳು ಮೆಕೇಯ ಕಣ್ಣು ತೆರೆಸಿದವು. ಸ್ವಲ್ಪ ಸ್ವಲ್ಪವೇ ಬದಲಾಗುವ ಬಿಡಿ ಚಿತ್ರಗಳು ಒಂದರ ಹಿಂದೊಂದು ಬೇಗ ಬೇಗ ಬಂದರೆ, ನಮ್ಮ ಕಣ್ಣು ಮತ್ತು ಮಿದುಳು ಅವನ್ನು ಬೆಸೆದು ಚಲನೆಯೆಂದೇ ತಿಳಿಯುತ್ತವೆ. ಸೆಕೆಂಡಿಗೆ 16 ಚಿತ್ರವೆಂದರೂ ಒಂದು ನಿಮಿಷಕ್ಕೆ 960 ಬೇಕು! ಮೆಕೇ ಹೆದರಲಿಲ್ಲ. 1911ರ ಮೊದಲ ಚಿತ್ರಕ್ಕೆ ಸುಮಾರು 4,000 ಹಾಳೆ ಬರೆದ.

1914ರ ‘ಗರ್ಟಿ’ ಎಂಬ ಹೆಣ್ಣು ಡೈನೋಸಾರ್ ಆತನ ಕೀರ್ತಿಶಿಖರ. ಅದಕ್ಕೆ ಸುಮಾರು 10,000 ಚಿತ್ರಗಳು. ಬಂಡೆ, ಮರ, ನೀರುಗಳನ್ನೂ ಪ್ರತಿ ಹಾಳೆಯಲ್ಲಿ ಹೊಸದಾಗಿ ಬರೆಯಬೇಕಿತ್ತು. ಆ ಕೆಲಸಕ್ಕೆ ನೆರೆಮನೆಯ ವಿದ್ಯಾರ್ಥಿ ಜಾನ್ ಫಿಟ್ಜ್‌ಸಿಮನ್ಸ್ ನೆರವಾದ. ಗರ್ಟಿಯ ಹೊಟ್ಟೆ ಎಷ್ಟು ಹೊತ್ತಿಗೊಮ್ಮೆ ಉಬ್ಬಬೇಕು? ಮೆಕೇ ಗಡಿಯಾರ ಹಿಡಿದು ತನ್ನ ಉಸಿರಾಟವನ್ನೇ ಅಳೆದ. ರಂಗದ ಮೇಲೆ ನಿಂತು ಆತ ಅಪ್ಪಣೆ ಕೊಟ್ಟರೆ, ಪರದೆಯ ಮೇಲಿನ ಗರ್ಟಿ ಕಾಲೆತ್ತುತ್ತಿತ್ತು, ಗದರಿದರೆ ಅಳುತ್ತಿತ್ತು. ಕೊನೆಗೆ ಆತ ಪರದೆಯ ಹಿಂದೆ ಸರಿದೊಡನೆ, ಅದೇ ಆಕಾರದ ಚಿತ್ರದ ಮನುಷ್ಯ ಗರ್ಟಿಯ ಬೆನ್ನೇರಿ ಹೊರಡುತ್ತಿದ್ದ!

ಮೆಕೇ ತನ್ನ ವಿಧಾನಗಳನ್ನು ಗುಟ್ಟಾಗಿ ಇಡಲಿಲ್ಲ, ಪೇಟೆಂಟ್ ಮಾಡಿಸಲೂ ಇಲ್ಲ. ಜಾನ್ ಬ್ರೇ ಎಂಬವನು ಅಂಥವೇ ವಿಧಾನಗಳಿಗೆ ಪೇಟೆಂಟ್ ಪಡೆದು ಮೆಕೇಯ ಮೇಲೆಯೇ ದಾವೆ ಹೂಡಿದ; ಸೋತ. ಅತ್ತ ಪತ್ರಿಕೆಯ ಮಾಲೀಕ ಹರ್ಸ್ಟ್‌ಗೆ ತನ್ನ ಚಿತ್ರಗಾರ ರಂಗದ ಮೇಲೆ ಮೆರೆಯುವುದು ಹಿಡಿಸಲಿಲ್ಲ. ಸಂಪಾದಕೀಯ ಪುಟದ ಚಿತ್ರಗಳಿಗೆ ಆತನನ್ನು ಕಟ್ಟಿಹಾಕಿದ. ಆದರೂ ಬಿಡುವಿನ ವೇಳೆಯಲ್ಲೇ ಮೆಕೇ ಸುಮಾರು 25,000 ಚಿತ್ರ ಬರೆದು 1918ರಲ್ಲಿ ‘ಲುಸಿಟಾನಿಯಾ’ ಹಡಗಿನ ದುರಂತವನ್ನು ತೆರೆಗೆ ತಂದ. 1915ರಲ್ಲಿ ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಮುಳುಗಿದ ಆ ಹಡಗಿನೊಡನೆ ಸುಮಾರು 1,200 ಜನ ಸತ್ತಿದ್ದರು. ನಗಿಸುವ ಕಲೆ ಅಳಿಸಲೂ ಬಲ್ಲದೆಂದು ಜಗತ್ತಿಗೆ ಆಗ ತಿಳಿಯಿತು.

1934ರಲ್ಲಿ ಮೆಕೇ ತೀರಿಕೊಂಡ. ಈ ಕಲೆಯಿಂದ ಕೋಟಿ ಗಳಿಸಿದವರು ಬೇರೆಯವರು. ವಾಲ್ಟ್ ಡಿಸ್ನಿ 1955ರಲ್ಲಿ ಟಿ.ವಿ.ಯಲ್ಲಿ ಗರ್ಟಿಯ ಆಟವನ್ನು ಮತ್ತೆ ಆಡಿಸಿ ಈ ಹಿರಿಯನನ್ನು ನೆನೆದ. ಮರುವರ್ಷ ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮವರಿಗೂ ಈ ವಿದ್ಯೆ ಕಲಿಸಿದ.

ಎಳೆಗೆ ಎಳೆ ಸೇರಿದರೇ ಸೀರೆ ಎಂಬುದನ್ನು ಬನಹಟ್ಟಿಯ ನೇಕಾರರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮೆಕೇಯ ಗುಟ್ಟೂ ಇಷ್ಟೇ. ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿ, ಪುಟಕ್ಕೊಂದರಂತೆ, ಕೊಂಚ ಕೊಂಚವೇ ಮೇಲೇರುವ ಚೆಂಡನ್ನು ಬರೆಯಿರಿ. ಹೆಬ್ಬೆರಳಿನಿಂದ ಪುಟ ಸರಿಸಿ ನೋಡಿರಿ. ಚೆಂಡು ಪುಟಿಯುತ್ತದೆ. ಪಾಲಕರು ಅದನ್ನು ಕಂಡರೆ ಗದರುವ ಮುನ್ನ ಒಮ್ಮೆ ತಾವೂ ಪುಟ ಸರಿಸಿ ನೋಡಲಿ.