ನಿದ್ದೆಯ ನಡುವೆ ಮಗ್ಗುಲು ಬದಲಿಸುವುದೇಕೆ?

ಪ್ರಶ್ನೆ: ಲಕ್ವ ಹೊಡೆದು ಮಲಗಿರುವ ನಮ್ಮ ಮಾವನವರನ್ನು ಆಸ್ಪತ್ರೆಯ ನರ್ಸ್‌ಗಳು ರಾತ್ರಿಯೂ ಹೊರಳಿಸುತ್ತಾರೆ. ನಿದ್ದೆ ಕೆಡಿಸುವುದೇಕೆ?

ಉತ್ತರ: ನಾವು ನಿದ್ದೆಯಲ್ಲೂ ಅರಿವಿಲ್ಲದೆ ಹೊರಳುತ್ತೇವೆ, ಅವರಿಗೆ ಅದಾಗದು. ಮೂಳೆಗೂ ಹಾಸಿಗೆಗೂ ನಡುವೆ ಒತ್ತಿದ ಚರ್ಮಕ್ಕೆ ರಕ್ತ ಹರಿಯದೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದು ಮೂಳೆಯವರೆಗೂ ಇಳಿಯಬಹುದು. ಅದಕ್ಕೇ ಸುಮಾರು 2 ಗಂಟೆಗೊಮ್ಮೆ ಹೊರಳಿಸುವ ವಾಡಿಕೆ. ಆಗಲೇ ನರ್ಸ್ ಬೆನ್ನು ಪರೀಕ್ಷಿಸುತ್ತಾರೆ, ಒದ್ದೆ ಬಟ್ಟೆ ತೆಗೆಯುತ್ತಾರೆ, ಹಾಸಿನ ಸುಕ್ಕು ಬಿಡಿಸುತ್ತಾರೆ. ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ನನ್ನ ಮಟ್ಟಿಗೆ ಹೀಗೆ ಹೊರಳಿಸುವುದು ಚುಚ್ಚುಮದ್ದಿನಷ್ಟೇ ದೊಡ್ಡ ಚಿಕಿತ್ಸೆ. ಮಾವನವರನ್ನು ಮನೆಗೆ ಕರೆತರುವ ಮುಂಚೆ ಹೊರಳಿಸುವ ಕ್ರಮವನ್ನು ಆ ನರ್ಸ್‌ಗಳಿಂದಲೇ ಕಲಿತುಕೊಳ್ಳಿ. ಹಾಸಿಗೆಯ ಮೇಲೆ ಎಳೆಯಬೇಡಿ, ಚರ್ಮ ತರಚುತ್ತದೆ.