ಕರಿಯ ಕೋಟು, ಕವಿಯ ಹಾಡು

ಹಗಲೆಲ್ಲ ಕಕ್ಷಿದಾರರ ಕಾಗದಪತ್ರ. ಸಂಜೆಯಾದರೆ ಶ್ರುತಿ, ತಾಳ, ಕವಿತೆ. ಒಂದು ಹೊಟ್ಟೆಗೆ ಅನ್ನವಿಡುವ ವೃತ್ತಿ, ಇನ್ನೊಂದು ಜೀವಕ್ಕೆ ಆಸರೆಯಾದ ವಿದ್ಯೆ. ಎರಡನ್ನೂ ಕೈಬಿಡದೆ ನಡೆದವರು ಶಿವಮೊಗ್ಗ ಸುಬ್ಬಣ್ಣನವರು.

ಹೊಸನಗರ ತಾಲ್ಲೂಕಿನ ನಗರವು ಒಂದು ಕಾಲಕ್ಕೆ ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರಿಗೆ ರಾಜಧಾನಿಯಾಗಿದ್ದ ಊರು. ಅಲ್ಲಿ 1938ರ ಡಿಸೆಂಬರ್ 14ರಂದು ಜನಿಸಿದ ಬಾಲಕನ ಹೆಸರು ಜಿ. ಸುಬ್ರಹ್ಮಣ್ಯಂ. ತಾತ ಶಾಮಣ್ಣನವರು ಸಂಗೀತ ಬಲ್ಲವರು. ಮೊಮ್ಮಗನಿಗೆ ಮನೆಯೇ ಪಾಠಶಾಲೆ, ತಾತನೇ ಮೊದಲ ಗುರು. ಮುಂದೆ ಪದವಿಗಳನ್ನು ಪಡೆದು, ಕಾನೂನು ಓದಿ, ವಕೀಲಿಗೆ ನಿಂತರೂ ತಾತ ಹಚ್ಚಿದ ದೀಪ ಆರಲಿಲ್ಲ.

ಸುಬ್ಬಣ್ಣನವರು ಆರಿಸಿಕೊಂಡ ದಾರಿ ಭಾವಗೀತೆಯದು. ಪಿ. ಕಾಳಿಂಗರಾಯರು ಆಗಲೇ ಕನ್ನಡ ಕವಿಗಳ ಗೀತೆಗಳನ್ನು ಜನರ ನಾಲಗೆಯ ಮೇಲೆ ನಿಲ್ಲಿಸಿದ್ದರು. ಈ ದಾರಿ ನೋಡಲು ಸುಗಮ, ನಡೆಯಲು ಕಠಿಣ. ಶಾಸ್ತ್ರೀಯ ಕಚೇರಿಯಲ್ಲಿ ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಹುದು. ಇಲ್ಲಿ ನಾಲ್ಕೈದು ನಿಮಿಷಗಳಲ್ಲಿ ಕವಿಯ ಮಾತು ಮಾಸದಂತೆ, ಸ್ವರವೂ ಸೊರಗದಂತೆ ಹಾಡಿ ಮುಗಿಸಬೇಕು. ರಾಗ ಮುಂದಾದರೆ ಪದ ಮರೆಯಾಗುತ್ತದೆ. ಪದವಷ್ಟೇ ಉಳಿದರೆ ಅದು ವಾಚನವಾಗುತ್ತದೆ.

1963ರಲ್ಲಿ ಅವರು ಆಕಾಶವಾಣಿಯ ಗಾಯಕರಾದರು. ಎರಡು ವರ್ಷಗಳ ಬಳಿಕ, ಕಬ್ಬಿಣದ ಕಾರ್ಖಾನೆಗೆ ಹೆಸರಾದ ನೆರೆಯ ಭದ್ರಾವತಿಯಲ್ಲಿಯೇ ಆಕಾಶವಾಣಿ ಕೇಂದ್ರ ಆರಂಭವಾಗಿ, ಮಲೆನಾಡಿನ ಮನೆಗಳಿಗೆ ಬಾನುಲಿ ಇನ್ನಷ್ಟು ಹತ್ತಿರವಾಯಿತು. ಪುಸ್ತಕ ಕೊಳ್ಳದವರ ಅಡಿಗೆಮನೆಗೂ ಕವಿತೆ ಬಂದಿತು. ಕುವೆಂಪು, ಬೇಂದ್ರೆಯವರ ಗೀತೆಗಳು ಸುಬ್ಬಣ್ಣನವರ ತುಂಬುಕಂಠದಲ್ಲಿ ಎಷ್ಟೋ ಮಂದಿಗೆ ಪರಿಚಯವಾದವು.

ಚಲನಚಿತ್ರದ ಕೀರ್ತಿ ಬಂದುದು ತಡವಾಗಿ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡು ಅವರಿಗೆ 1978ನೆಯ ಸಾಲಿನ ಚಿತ್ರಗಳಿಗೆ ಸಂದ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಹಿನ್ನೆಲೆ ಗಾಯನಕ್ಕಾಗಿ ಆ ಗೌರವ ಪಡೆದ ಮೊದಲ ಕನ್ನಡಿಗರು ಅವರು. ಆಗ ಅವರಿಗೆ ವಯಸ್ಸು ನಲವತ್ತರ ಸುಮಾರು. ಬಾನುಲಿಯ ಮುಂದೆ ಕುಳಿತು ಒಂದೂವರೆ ದಶಕ ಕಳೆದಿತ್ತು.

2022ರ ಆಗಸ್ಟ್ 11ರಂದು ಅವರು ಕಣ್ಮರೆಯಾದರು. ಹುಟ್ಟಿದ ಊರು ನಗರವಾದರೂ ಹೆಸರಿನೊಡನೆ ಉಳಿದುದು ಶಿವಮೊಗ್ಗ. ಊರು ಗಾಯಕನಿಗೆ ಹೆಸರು ಕೊಟ್ಟಿತು. ಗಾಯಕ ಊರಿಗೆ ದನಿ ಕೊಟ್ಟ. ಮನೆಯ ಹಿರಿಯರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ನಾಲ್ಕು ಸ್ವರಗಳು ಎಲ್ಲಿಯವರೆಗೆ ಹೋದಾವೆಂದು ಬಲ್ಲವರು ಯಾರು?